‘ನಂಗೆ ಬರುದಿಲ್ಲ ಟೀಚರ್’ ಎನ್ನುವ ಮಗುವಿಗೆ ‘ಇನ್ನೂ ಬಂದಿಲ್ಲ’ ಎನ್ನಲು ಕಲಿಸುವುದು ಹೇಗೆ?

ಜೂನ್‌ನಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಆಗುವಷ್ಟರಲ್ಲಿ ಒಂದೇ ಪ್ರಶ್ನೆ ನನ್ನ ಬಳಿ ಹತ್ತು ಬಾಯಿಂದ ಬರುತ್ತದೆ. ಮಂಜೇಶ್ವರದ ತಾಯಿ ಕೇಳುತ್ತಾರೆ, ಪೆರ್ಲದ ಮಾಷ್ಟ್ರು ಕೇಳುತ್ತಾರೆ, ಮುಳ್ಳೇರಿಯದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರ್ ಕೇಳುತ್ತಾರೆ: “ಮಗು ಹುಷಾರೇ ಉಂಟು. ಆದರೆ ಸ್ವಲ್ಪ ಕಷ್ಟದ್ದು ಬಂದರೆ ‘ನಂಗೆ ಬರುದಿಲ್ಲ’ ಅಂತ ಪುಸ್ತಕ ಮುಚ್ಚಿ ಕೂತುಬಿಡುತ್ತದೆ. ಏನು ಮಾಡುವುದು?” ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಇದು ಒಂದರಿಂದ ನಾಲ್ಕನೇ ತರಗತಿಯವರೆಗಿನ, ಅಂದರೆ ಕೇರಳದ ನಮ್ಮ ಕಾಸರಗೋಡಿನ ಎಲ್.ಪಿ. (ಲೋವರ್ ಪ್ರೈಮರಿ) ವಿಭಾಗದ ಮಕ್ಕಳಿಗೆ ಪಾಠ ಮಾಡುವವರಿಗೆ ಮತ್ತು ಅವರ ಮನೆಯವರಿಗೆ.

ಮೊದಲು ಪದದ ಅರ್ಥ. ‘ಗ್ರೋತ್ ಮೈಂಡ್‌ಸೆಟ್’ ಎಂದು ಈಗ ತರಬೇತಿಗಳಲ್ಲಿ ಕೇಳುವುದನ್ನು ಕನ್ನಡದಲ್ಲಿ ‘ಬೆಳೆಯುವ ಮನೋಭಾವ’ ಎನ್ನಬಹುದು. ಬುದ್ಧಿ, ಸಾಮರ್ಥ್ಯ ಎಂಬುದು ಹುಟ್ಟುವಾಗಲೇ ಅಳೆದು ಕೊಟ್ಟದ್ದಲ್ಲ, ಅಭ್ಯಾಸದಿಂದ, ಸರಿಯಾದ ಉಪಾಯದಿಂದ, ಬೇರೆಯವರ ಸಹಾಯದಿಂದ ಹೆಚ್ಚುತ್ತದೆ ಎಂಬ ನಂಬಿಕೆ ಅದು. ಇದಕ್ಕೆ ಎದುರಾದದ್ದು ‘ಸ್ಥಿರ ಮನೋಭಾವ’: ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ “ಅವನ ಮಂಡೆಗೆ ಲೆಕ್ಕ ಹತ್ತುವುದಿಲ್ಲ” ಎಂಬ ತೀರ್ಪು. ಈ ಎರಡು ಹೆಸರುಗಳನ್ನು ಬಳಕೆಗೆ ತಂದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕರೋಲ್ ಡ್ವೆಕ್.

ಇದು ಮಂತ್ರವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಂದು ಗಂಟೆಗೂ ಕಡಿಮೆ ಅವಧಿಯ ಪಾಠದಿಂದ ಹಿಂದುಳಿದ ಮಕ್ಕಳ ಅಂಕ ಸ್ವಲ್ಪ ಏರಿತು. ಸ್ವಲ್ಪವೇ. ಅದೂ ಕಷ್ಟದ ಕೆಲಸಕ್ಕೆ ಕೈಹಾಕುವುದನ್ನು ಸಹಪಾಠಿಗಳು ಮೆಚ್ಚುವ ಶಾಲೆಗಳಲ್ಲಿ ಹೆಚ್ಚು ಉಳಿಯಿತು. ಆದ್ದರಿಂದ ಒಂದು ದಿನ ಭಾಷಣ ಮಾಡಿ ಮುಗಿಸುವ ಕೆಲಸ ಇದಲ್ಲ. ತರಗತಿಯ ಗಾಳಿಯೇ ಬದಲಾಗಬೇಕು.

ಬೇಕಾಗುವ ವಸ್ತುಗಳು

ಒಂದು ನೂರು ಪುಟದ ನೋಟ್‌ಬುಕ್ (ನಿಮಗೆ), ಮಗುವಿಗೊಂದರಂತೆ ರಟ್ಟಿನ ಫೈಲ್, ಹಿಡಿಸೂಡಿಯಿಂದ (ತೆಂಗಿನ ಕಡ್ಡಿಯ ಪೊರಕೆಯಿಂದ) ಕಿತ್ತ ನೂರಿನ್ನೂರು ಕಡ್ಡಿ, ರಬ್ಬರ್ ಬ್ಯಾಂಡ್, ದಿನಕ್ಕೆ ಹತ್ತು ನಿಮಿಷ. ಅವಧಿ ಜೂನ್‌ನಿಂದ ಓಣಂ ಪರೀಕ್ಷೆಯವರೆಗೆ, ಅಂದರೆ ಓಣಂ ರಜೆಯ ಹೊತ್ತಿಗೆ ನಡೆಯುವ ವರ್ಷದ ಮೊದಲ ಪರೀಕ್ಷೆಯವರೆಗೆ. ಗೋಡೆಗೆ ಅಂಟಿಸುವ ಬಣ್ಣಬಣ್ಣದ ಚಾರ್ಟ್ ಬೇಡ. ಚಾರ್ಟ್ ಮಾಡಿದ ಕೂಡಲೇ ಕೆಲಸ ಆಯಿತು ಎಂದು ನಮಗೇ ಅನಿಸಿಬಿಡುತ್ತದೆ.

1. ಒಂದು ವಾರ ಬರೇ ಕೇಳಿಸಿಕೊಳ್ಳಿ

ಮೊದಲ ವಾರ ಏನನ್ನೂ ಬದಲಿಸಬೇಡಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಮಕ್ಕಳು ತಮ್ಮ ಬಗ್ಗೆ ಹೇಳುವ ಮಾತನ್ನೂ ಬಲಪುಟದಲ್ಲಿ ನೀವು ಮಕ್ಕಳಿಗೆ ಹೇಳುವ ಮಾತನ್ನೂ ಅಂದಂದೇ ಬರೆದಿಡಿ. “ನಾನು ಚಿತ್ರಕ್ಕೆ ಆಗುದಿಲ್ಲ”, “ಅವಳು ಫಸ್ಟ್, ಅವಳ ಹತ್ರ ಕೇಳಿ” ಎಂಬಂಥವು ಎಡಕ್ಕೆ. “ಇಷ್ಟು ಸುಲಭದ್ದೂ ಬರುವುದಿಲ್ಲವಾ?”, “ನಿನ್ನ ಅಕ್ಕ ಎಷ್ಟು ಹುಷಾರಿದ್ದಳು!” ಎಂಬಂಥವು ಬಲಕ್ಕೆ. ವಾರದ ಕೊನೆಗೆ ಬಲಪುಟವನ್ನು ನಿಧಾನವಾಗಿ ಓದಿ. ‘ಇಷ್ಟು ಸುಲಭದ್ದು’ ಎಂಬ ಮಾತನ್ನು ನಾನು ಧೈರ್ಯ ತುಂಬಲೆಂದೇ ವರ್ಷಗಟ್ಟಲೆ ಹೇಳಿದ್ದೆ. ಸುಲಭದ್ದೇ ಬರದಿದ್ದರೆ ತಾನೆಂಥ ದಡ್ಡ ಎಂದು ಮಗು ತೀರ್ಮಾನಿಸಿಕೊಳ್ಳುತ್ತದೆ ಎಂಬುದು ಬರೆದು ಓದಿದ ಮೇಲೆಯೇ ನನಗೆ ಹೊಳೆದದ್ದು.

ವಯಸ್ಸಿನ ವಿಷಯ ಇಲ್ಲಿ ನೆನಪಿಡಬೇಕು. ಒಂದನೇ ತರಗತಿಯ ಮಕ್ಕಳಿಗೆ ಸಾಮಾನ್ಯವಾಗಿ ತಮ್ಮ ಮೇಲೆ ಬಹಳ ಧೈರ್ಯ. ಓಡಿದರೆ ತಾನೇ ಮೊದಲು, ಹಾಡಿದರೆ ತಾನೇ ಚಂದ. ಏಳೆಂಟು ವರ್ಷಕ್ಕೆ ಬರುವಾಗ ಪಕ್ಕದವರ ಜೊತೆ ಹೋಲಿಸಿಕೊಳ್ಳಲು ಶುರುಮಾಡುತ್ತಾರೆ. ಎರಡು ಮತ್ತು ಮೂರನೇ ತರಗತಿಯಲ್ಲಿ ಈ ಕೆಲಸ ಹೆಚ್ಚು ಬೇಕಾಗುವುದು ಅದಕ್ಕೇ.

2. ಕ್ರಿಯಾಪದವನ್ನು ಬದಲಿಸಿ

ಇಂಗ್ಲಿಷಿನಲ್ಲಿ ಈ ಪಾಠ ಹೇಳುವವರು ವಾಕ್ಯಕ್ಕೆ ‘ಇನ್ನೂ’ ಎಂಬರ್ಥದ ಒಂದು ಪದ ಸೇರಿಸಲು ಹೇಳಿಕೊಡುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ, ನಮ್ಮ ವ್ಯಾಕರಣದೊಳಗೇ ಇದೆ. ‘ಬರುವುದಿಲ್ಲ’ ಎಂದರೆ ಇಂದಿಗೂ ಇಲ್ಲ, ನಾಳೆಗೂ ಇಲ್ಲ. ‘ಬಂದಿಲ್ಲ’ ಎಂದರೆ ಇವತ್ತಿನವರೆಗೆ ಬಂದಿಲ್ಲ, ಅಷ್ಟೇ. ಬಸ್ಸಿಗೆ ಕಾಯುವವರು ‘ಬಸ್ಸು ಬಂದಿಲ್ಲ’ ಎನ್ನುತ್ತಾ ನಿಂತಿರುತ್ತಾರೆ. ‘ಬಸ್ಸು ಬರುವುದಿಲ್ಲ’ ಎಂದು ಗೊತ್ತಾದರೆ ನಡೆದು ಹೋಗಿಬಿಡುತ್ತಾರೆ. ಈ ಬಸ್ಸಿನ ಉದಾಹರಣೆ ಒಂದನೇ ತರಗತಿಯವರಿಗೂ ತಕ್ಷಣ ತಿಳಿಯುತ್ತದೆ.

ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೋ ಆ ಭಾಷೆಯಲ್ಲೂ ಹೇಳಿಕೊಡಿ. ತುಳುವಿನಲ್ಲಿ ‘ಎಂಕ್ ಬರ್ಪುಜಿ’ ಹೋಗಿ ‘ಎಂಕ್ ನನಲಾ ಬೈದಿಜಿ’ ಆಗಬೇಕು. ಮಲಯಾಳದಲ್ಲಿ ‘ಎನಿಕ್ಕ್ ಅರಿಯಿಲ್ಲ’ ಎನ್ನುವ ಬದಲು ‘ಇದುವರೆ ಪಠಿಚ್ಚಿಟ್ಟಿಲ್ಲ’. ನಮ್ಮ ಕಡೆಯ ಆಡುಗನ್ನಡದಲ್ಲಾದರೆ ‘ಇನ್ನೂ ಬರ್ಲಿಲ್ಲ’ ಸಾಕು, ಗ್ರಂಥದ ಭಾಷೆ ಬೇಡ.

ಎಚ್ಚರಿಕೆ: ಮಗು ‘ಬರುದಿಲ್ಲ’ ಎಂದ ಕೂಡಲೇ ಎಲ್ಲರೆದುರು ತಿದ್ದಬೇಡಿ. ಅದೂ ಒಂದು ತಪ್ಪು ಹಿಡಿಯುವ ಆಟವಾಗುತ್ತದೆ. ನೀವೇ ಮೆಲ್ಲಗೆ ಮರುನುಡಿಯಿರಿ: “ಹೌದಾ, ಇನ್ನೂ ಬಂದಿಲ್ಲವಾ? ಎಲ್ಲಿಯವರೆಗೆ ಬಂದಿದೆ ನೋಡುವ.” ಎರಡನೆಯ ವಾಕ್ಯವೇ ಮುಖ್ಯ.

3. ಮಿದುಳಿನ ಕಥೆಯನ್ನು ಕಾಲುದಾರಿಯಾಗಿ ಹೇಳಿ

ಹೊಸದನ್ನು ಮತ್ತೆ ಮತ್ತೆ ಮಾಡಿದಾಗ ಮಿದುಳಿನ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ, ಬಳಸದಿದ್ದರೆ ಸಡಿಲವಾಗುತ್ತದೆ. ಇಷ್ಟನ್ನು ಆರು ವರ್ಷದ ಮಗುವಿಗೆ ಹೇಳಲು ಗುಡ್ಡೆಯ ದಾರಿ ಸಾಕು. ನಮ್ಮ ಮಕ್ಕಳಲ್ಲಿ ಹಲವರು ಗುಡ್ಡೆ ಇಳಿದು, ತೋಡು ದಾಟಿ ಬರುವವರು. ಮಳೆಗಾಲದಲ್ಲಿ ಹುಲ್ಲು ಎದ್ದು ನಡೆಯದ ದಾರಿ ಮುಚ್ಚಿಹೋಗುವುದನ್ನು ಕಣ್ಣಾರೆ ಕಂಡವರು. ಮೊದಲ ದಿನ ಮುಳ್ಳು ಸರಿಸಿ ಹೋಗಬೇಕು, ಹತ್ತು ದಿನ ನಡೆದರೆ ದಾರಿ ಬಿಳಿ ಗೆರೆಯ ಹಾಗೆ ಕಾಣುತ್ತದೆ. “ಒತ್ತಕ್ಷರ ನಿನಗೆ ಈಗ ಹುಲ್ಲು ಮುಚ್ಚಿದ ದಾರಿ, ನಾಳೆಯೂ ನಾವು ಅದರಲ್ಲೇ ನಡೆಯುವ” ಎಂದರೆ ಅದಕ್ಕೆ ಅರ್ಥವಾಗುತ್ತದೆ. ಒಮ್ಮೆ ಹೇಳಿ, ಚಿತ್ರ ಬರೆಯಿಸಿ, ಮುಂದೆ ಹೋಗಿ. ವಿಜ್ಞಾನದ ಪಾಠವನ್ನಾಗಿ ಎಳೆಯಬೇಡಿ.

4. ತಪ್ಪಿಗೆ ಕುರ್ಚಿ ಹಾಕಿ ಕೂರಿಸಿ

ಇಡೀ ಕೆಲಸದ ಎದೆ ಇರುವುದು ಈ ಹಂತದಲ್ಲಿ. ಹೆಚ್ಚು ಸಮಯವನ್ನು ಇಲ್ಲಿಗೆ ಇಡಿ.

ಎರಡನೇ ತರಗತಿಯ ಒಂದು ಲೆಕ್ಕ ನೋಡಿ: 52ರಿಂದ 27 ಕಳೆಯಬೇಕು. ತುಂಬಾ ಮಕ್ಕಳು 35 ಎಂದು ಬರೆಯುತ್ತಾರೆ. ‘ಅಜಾಗ್ರತೆ’ ಎಂದು ಕೆಂಪು ಗೆರೆ ಎಳೆಯುವ ಮೊದಲು ಮಗುವನ್ನು ಕೇಳಿ: “ಹೇಗೆ ಮಾಡಿದ್ದು ಹೇಳು ಮಗಾ.” ಅದು ಹೇಳುತ್ತದೆ: “ಏಳರಿಂದ ಎರಡು ಹೋದರೆ ಐದು, ಐದರಿಂದ ಎರಡು ಹೋದರೆ ಮೂರು.” ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟದ್ದನ್ನು ಮಗು ಎರಡೂ ಸ್ಥಾನದಲ್ಲಿ ಪ್ರಾಮಾಣಿಕವಾಗಿ ಪಾಲಿಸಿದೆ. ಅಜಾಗ್ರತೆ ಎಲ್ಲಿ ಬಂತು?

ಈಗ ಕಡ್ಡಿ ತೆಗೆಯಿರಿ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದೆ ಇಡಿ. “ನನಗೆ ಇದರಿಂದ ಏಳು ಬಿಡಿ ಕಡ್ಡಿ ಕೊಡು.” ಮಗು ಎರಡು ಕಡ್ಡಿ ಕೊಡುತ್ತದೆ. ನಿಲ್ಲುತ್ತದೆ. ನಿಮ್ಮ ಮುಖ ನೋಡುತ್ತದೆ. ಈ ಹೊತ್ತಿನಲ್ಲಿ ನೀವು ಬಾಯಿ ಬಿಡಬಾರದು. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಬಹಳ ಸಲ ಹದಿನೈದಕ್ಕೆ ಬರುವಷ್ಟರಲ್ಲಿ ಮಗುವಿನ ಉಗುರು ಒಂದು ಕಟ್ಟಿನ ರಬ್ಬರ್ ಬ್ಯಾಂಡಿನ ಅಡಿಗೆ ಹೋಗಿರುತ್ತದೆ. ಕಟ್ಟು ಬಿಚ್ಚಿತು, ಕೈಯಲ್ಲಿ ಹನ್ನೆರಡು ಬಿಡಿ ಕಡ್ಡಿ. ಏಳು ಕೊಟ್ಟರೆ ಐದು ಉಳಿಯಿತು. ನಾಲ್ಕು ಕಟ್ಟಿನಿಂದ ಎರಡು ಕೊಟ್ಟರೆ ಎರಡು. ಒಟ್ಟು 25. “ಮೊದಲು ಬರೆದದ್ದು 35, ಈಗ ಬಂದದ್ದು 25. ಎಲ್ಲಿ ಬೇರೆಯಾಯಿತು?” ಎಂದು ಕೇಳಿ. ಉತ್ತರ ಮಗುವೇ ಹೇಳಲಿ.

ಇದನ್ನು ದಿನದ ರೂಢಿ ಮಾಡಿ. ದಿನಕ್ಕೊಂದು ‘ಒಳ್ಳೆಯ ತಪ್ಪು’ ಆರಿಸಿ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಹೆಸರು ಬೇಡ. ಯಾರದ್ದು ಎಂದು ಹೊಳೆಯುವಂತಿದ್ದರೆ ಆ ಮಗುವನ್ನು ಮೊದಲು ಕೇಳಿ. ಒಳ್ಳೆಯ ತಪ್ಪು ಎಂದರೆ ಹಿಂದೆ ಒಂದು ಕಾರಣ ಇರುವ ತಪ್ಪು. ನಮ್ಮ ಗಡಿನಾಡಿನಲ್ಲಿ ಅಂಥ ತಪ್ಪಿಗೆ ಬರವಿಲ್ಲ. ‘ಹತ್ತು’ ಎಂಬಲ್ಲಿ ‘ಪತ್ತು’ ಎಂದು ಬರೆದ ಮಗುವನ್ನು ನೋಡಿ: ತುಳುವಿನಲ್ಲೂ ಮಲಯಾಳದಲ್ಲೂ ಅದು ‘ಪತ್ತ್’. ನಮ್ಮ ಹೂ ಅಲ್ಲಿ ‘ಪೂ’, ‘ಪೂವ್’. ನಮ್ಮ ಹುಲಿ ಅಲ್ಲಿ ‘ಪಿಲಿ’, ‘ಪುಲಿ’. ಕನ್ನಡದ ಹಳೆಯ ಪಕಾರವೇ ಮುಂದೆ ಹಕಾರವಾದದ್ದು. ಹಳಗನ್ನಡದಲ್ಲಿ ಹತ್ತಕ್ಕೆ ‘ಪತ್ತು’ ಎಂದೇ ಇತ್ತು. “ನೀನು ಬರೆದದ್ದು ನಿನ್ನ ಮನೆಯ ಮಾತಿನಲ್ಲಿ ಸರಿ, ಸಾವಿರ ವರ್ಷ ಹಿಂದಿನ ಕನ್ನಡದಲ್ಲೂ ಸರಿ, ಈಗಿನ ಕನ್ನಡದಲ್ಲಿ ಮಾತ್ರ ಪ ಹೋಗಿ ಹ ಆಗಿದೆ” ಎಂದರೆ ಆ ಮಗು ಮತ್ತೆ ಪುಸ್ತಕ ಮುಚ್ಚುತ್ತದೆಯೇ? ಉಳಿದವರು ತಾವೇ ಅಂಥ ಪದ ಹುಡುಕಿ ತರುತ್ತಾರೆ.

ಸಣ್ಣದೊಂದು ನಿಯಮವೂ ಬೇಕು: ರಬ್ಬರಿನಿಂದ ಉಜ್ಜುವಂತಿಲ್ಲ. ಕೆಲವು ಮಕ್ಕಳು ಪುಟ ತೂತಾಗುವವರೆಗೆ ಉಜ್ಜುತ್ತಾರೆ, ತಪ್ಪು ಯಾರ ಕಣ್ಣಿಗೂ ಬೀಳಬಾರದೆಂದು. ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ನೀವೂ ಕಾಟು ಹಾಕುವ ಬದಲು ದಾರಿ ತಪ್ಪಿದ ಜಾಗಕ್ಕೆ ಮಾತ್ರ ವೃತ್ತ ಹಾಕಿ ‘ಇಲ್ಲಿಂದ ಮತ್ತೆ ನೋಡು’ ಎಂದು ಬರೆಯಿರಿ.

5. ಹೊಗಳಿಕೆಯನ್ನು ಮಗುವಿನಿಂದ ಕೆಲಸದ ಕಡೆಗೆ ತಿರುಗಿಸಿ

1998ರಲ್ಲಿ ಕ್ಲೌಡಿಯಾ ಮುಲ್ಲರ್ ಮತ್ತು ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆ ಬಿಡಿಸಲು ಕೊಟ್ಟು, ಒಂದು ಗುಂಪಿಗೆ ‘ನೀನು ಬುದ್ಧಿವಂತ’ ಎಂದೂ ಇನ್ನೊಂದಕ್ಕೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೊಗಳಿದರು. ನಂತರ ಕಷ್ಟದ ಸಮಸ್ಯೆ ಕೊಟ್ಟರು. ಅದರಲ್ಲಿ ಸೋತ ಮೇಲೆ ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ, ‘ಬುದ್ಧಿವಂತ’ ಎನಿಸಿಕೊಂಡವರು ಮೊದಲಿಗಿಂತ ಕಡಿಮೆ ಬಿಡಿಸಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಹೆಚ್ಚು ಬಿಡಿಸಿದರು. ನನ್ನನ್ನು ಕಾಡಿದ್ದು ಇನ್ನೊಂದು ಅಂಶ: ಬೇರೆ ಶಾಲೆಯ ಮಕ್ಕಳಿಗೆ ನಿಮ್ಮ ಅಂಕ ಬರೆದು ತಿಳಿಸಿ ಎಂದಾಗ ‘ಬುದ್ಧಿವಂತ’ರ ಗುಂಪಿನಲ್ಲಿ ಐವರಲ್ಲಿ ಸುಮಾರು ಇಬ್ಬರು ಅಂಕ ಹೆಚ್ಚಿಸಿ ಬರೆದರು. ಒಂದು ಒಳ್ಳೆಯ ಮಾತು ಮಕ್ಕಳಿಗೆ ಸುಳ್ಳು ಹೇಳುವ ಭಾರ ಹೊರಿಸಿತು.

‘ಹುಷಾರ್ ಮಗು’ ಎಂಬುದು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಅದರ ಬದಲಿಗೆ ಏನು ಹೇಳಬಹುದು?

“ಶಹಬ್ಬಾಸ್, ಜಾಣೆ!” ಎನ್ನುವಲ್ಲಿ: “ಮೊದಲ ಸಾಲು ಓದಿ ತೊಡಕಾದಾಗ ವಾಪಸ್ ಹೋಗಿ ಓದಿದೆ, ಅದು ನೋಡಿದೆ ನಾನು.”

“ಚಂದ ಉಂಟು ಚಿತ್ರ” ಎನ್ನುವಲ್ಲಿ: “ತೆಂಗಿನಮರಕ್ಕೆ ಎರಡು ಹಸಿರು ಬಳಸಿದ್ದೀಯಲ್ಲ, ಯಾಕೆ?”

“ಬೇಗ ಮುಗಿಸಿದೆ, ಭಾರೀ ಹುಷಾರು” ಎನ್ನುವಲ್ಲಿ: “ಇದು ನಿನಗೆ ಸಾಲಲಿಲ್ಲ. ಸ್ವಲ್ಪ ಕಷ್ಟದ್ದು ಕೊಡುತ್ತೇನೆ.”

ಎಚ್ಚರಿಕೆ: ಶ್ರಮವನ್ನು ಬರಿದೇ ಹೊಗಳುವುದು ಎಲ್ಲರೂ ಬೀಳುವ ಹಳ್ಳ. ಉತ್ತರ ತಪ್ಪಾಗಿದ್ದರೂ “ಪರವಾಗಿಲ್ಲ, ಪ್ರಯತ್ನ ಮಾಡಿದೆಯಲ್ಲ” ಎಂದರೆ ಮಗುವಿಗೆ ಕೇಳಿಸುವುದು “ನಿನ್ನಿಂದ ಇಷ್ಟೇ” ಎಂಬುದು. ಡ್ವೆಕ್ ಅವರೇ ಇದನ್ನು ಹುಸಿಯಾದ ‘ಬೆಳೆಯುವ ಮನೋಭಾವ’ ಎಂದು ಎಚ್ಚರಿಸಿದ್ದಾರೆ.

6. ‘ಪ್ರಯತ್ನಿಸು’ ಎನ್ನುವ ಮೊದಲು ದಾರಿ ಕೊಡಿ

ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಕೈಯಲ್ಲಿ ಉಪಾಯ ಇಲ್ಲದ ಮಗುವಿಗೆ ‘ಇನ್ನೊಮ್ಮೆ ಪ್ರಯತ್ನಿಸು’ ಎನ್ನುವುದು ಶಿಕ್ಷೆ.

ಇದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಪಾಠವಿದೆ. ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯ ಮಕ್ಕಳಿಗೆ ನೀರಿಗಾಗಿ ಕಡಿಯುವ ಸುರಂಗ ಗೊತ್ತು. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಪಿಕ್ಕಾಸಿನಿಂದ ಕಡಿಯುತ್ತಾ ಹೋಗುತ್ತಾರೆ, ನೀರು ಸಿಕ್ಕಿದ ಮೇಲೆ ಪಂಪಿಲ್ಲದೆ ತಾನೇ ಹರಿದು ಹೊರಗೆ ಬರುತ್ತದೆ. ಕಡಿಯುವವರು ಕಣ್ಣುಮುಚ್ಚಿ ಕಡಿಯುವುದಿಲ್ಲ. ಮಣ್ಣಿನ ತೇವ ನೋಡುತ್ತಾರೆ. ದೀಪ ನಂದಿದರೆ ಗಾಳಿ ಸಾಲದೆಂದು ಹೊರಗೆ ಬರುತ್ತಾರೆ. ಗಟ್ಟಿ ಬಂಡೆ ಅಡ್ಡ ಬಂದರೆ ಸುರಂಗವನ್ನು ತಿರುಗಿಸುತ್ತಾರೆ. ಊರಿನಲ್ಲಿ ಸುರಂಗ ಕಡಿದ ಅಜ್ಜ ಯಾರಾದರೂ ಇದ್ದರೆ ಅರ್ಧ ಗಂಟೆ ಶಾಲೆಗೆ ಕರೆದು ಮಕ್ಕಳು ಪ್ರಶ್ನೆ ಕೇಳುವಂತೆ ಮಾಡಿ. ‘ಬಂಡೆ ಸಿಕ್ಕಿದಾಗ ಏನು ಮಾಡಿದಿರಿ?’ ಎಂಬ ಪ್ರಶ್ನೆ ತಪ್ಪದೆ ಇರಲಿ.

ಆಮೇಲೆ ಡೆಸ್ಕಿನ ಮೇಲೆ ಅಂಟಿಸಲು ‘ಬಂಡೆ ಸಿಕ್ಕಿದಾಗ’ ಎಂಬ ಚೀಟಿ ಕೊಡಿ. ಅದರಲ್ಲಿ ಮೂರೇ ಸಾಲು:

ಕಡ್ಡಿ ಇಟ್ಟು ಅಥವಾ ಚಿತ್ರ ಬರೆದು ನೋಡು.
ಸಣ್ಣದು ಮಾಡಿ ನೋಡು.
ಎಲ್ಲಿವರೆಗೆ ಗೊತ್ತಾಯಿತು ಎಂದು ಹೇಳಿ, ಮುಂದಿನದನ್ನು ಕೇಳು.

ಸಣ್ಣದು ಮಾಡುವುದೆಂದರೆ ದೊಡ್ಡ ಸಂಖ್ಯೆಯ ಬದಲು ಚಿಕ್ಕ ಸಂಖ್ಯೆಯಲ್ಲಿ ಅದೇ ಲೆಕ್ಕ ಮಾಡುವುದು, ‘ವಿಸ್ತಾರ’ ಎಂಬ ಪದವನ್ನು ವಿ, ಸ್ತಾ, ರ ಎಂದು ಬಿಡಿಸುವುದು. ಮೂರನೆಯದನ್ನು ಹೆಚ್ಚು ಅಭ್ಯಾಸ ಮಾಡಿಸಿ. ‘ಗೊತ್ತಾಗ್ಲಿಲ್ಲ ಟೀಚರ್’ ಎಂದರೆ ಎಲ್ಲಿಂದ ಸಹಾಯ ಮಾಡುವುದೆಂದು ನಮಗೂ ತಿಳಿಯುವುದಿಲ್ಲ. ‘ಕಟ್ಟು ಬಿಚ್ಚುವವರೆಗೆ ಗೊತ್ತಾಯ್ತು, ಬರೆಯುದು ಗೊತ್ತಾಗ್ಲಿಲ್ಲ’ ಎನ್ನಲು ಕಲಿತ ಮಗು ಅರ್ಧ ದಾರಿ ದಾಟಿದಂತೆ.

7. ಬೆಳೆದದ್ದನ್ನು ಕಣ್ಣಿಗೆ ತೋರಿಸಿ

ಜೂನ್‌ನ ಮೊದಲ ವಾರ ಪ್ರತಿ ಮಗುವಿನಿಂದ ಅರ್ಧ ಪುಟ ಬರೆಯಿಸಿ, ದಿನಾಂಕ ಹಾಕಿ ಫೈಲಿನಲ್ಲಿಡಿ. ತಿಂಗಳಿಗೊಮ್ಮೆ ಅದೇ ಕೆಲಸ ಮತ್ತೆ ಮಾಡಿಸಿ. ಓಣಂ ಪರೀಕ್ಷೆಯ ಮೊದಲು ಎಲ್ಲ ಹಾಳೆಗಳನ್ನು ಮಗುವಿನ ಮುಂದೆ ಸಾಲಾಗಿ ಹರಡಿ “ಏನು ಬದಲಾಗಿದೆ?” ಎಂದು ಕೇಳಿ. ಆಗ ಹೋಲಿಕೆ ಪಕ್ಕದವನೊಡನೆ ಅಲ್ಲ, ಜೂನ್‌ನ ತನ್ನೊಡನೆ. ಫೈಲನ್ನು ಪಿಟಿಎ ಸಭೆಯಲ್ಲಿ ಪ್ರದರ್ಶನಕ್ಕೆ ಇಡಬೇಡಿ. ಆ ತಾಯಿತಂದೆಗೆ ಮಾತ್ರ ತೋರಿಸಿ.

8. ಮನೆಯವರನ್ನು ಸೇರಿಸಿಕೊಳ್ಳಿ

ತಾಯಂದಿರ ಸಭೆಯಲ್ಲಿ ಸಿದ್ಧಾಂತ ಹೇಳಬೇಡಿ, ಎರಡೇ ಕೆಲಸ ಕೊಡಿ. ಒಂದು, “ಎಷ್ಟು ಮಾರ್ಕು?” ಎನ್ನುವ ಮೊದಲು “ಇವತ್ತು ಯಾವುದು ಕಷ್ಟ ಆಯಿತು?” ಎಂದು ಕೇಳುವುದು. ಎರಡು, “ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ, ಇವನಿಗೂ ಹಾಗೇ” ಎಂದು ಮಗುವಿನೆದುರು ಹೇಳದಿರುವುದು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಮಗು ಅದನ್ನು ಮನೆಯ ಆಸ್ತಿಯ ಹಾಗೆ ಇಟ್ಟುಕೊಳ್ಳುತ್ತದೆ. ಓದುಬರಹ ಇಲ್ಲದ ಅಜ್ಜಿಯೂ ಇದರಲ್ಲಿ ದೊಡ್ಡ ಗುರು: ಬೀಡಿ ಕಟ್ಟಲು, ಓಲೆ ಹೆಣೆಯಲು ತಾನು ಕಲಿತಾಗ ಮೊದಮೊದಲು ಎಷ್ಟು ಹಾಳಾಗಿತ್ತು ಎಂದು ಆಕೆ ಹೇಳಲಿ.

ಎಲ್‌ಎಸ್‌ಎಸ್, ಅಂದರೆ ನಾಲ್ಕನೇ ತರಗತಿಯವರಿಗೆ ಕೇರಳದಲ್ಲಿ ನಡೆಯುವ ವಿದ್ಯಾರ್ಥಿವೇತನ ಪರೀಕ್ಷೆ, ಹತ್ತಿರ ಬಂದಾಗ ಮನೆಗಳಲ್ಲಿ ಇದೆಲ್ಲ ಮರೆತುಹೋಗುತ್ತದೆ. ಫಲಿತಾಂಶ ಬರುವ ಮೊದಲೇ ಒಮ್ಮೆ ಮನೆಯವರೊಡನೆ ಮಾತನಾಡಿ. ಬಂದ ಮೇಲೆ ಮಾತು ಕಿವಿಗೆ ಹೋಗುವುದಿಲ್ಲ.

ಇದು ಔಷಧವಲ್ಲದ ಕಡೆ

ಬೋರ್ಡಿನ ಅಕ್ಷರ ಕಾಣದ ಮಗುವಿಗೆ ಬೇಕಾದದ್ದು ಕನ್ನಡಕ. ಹೇಳಿದ್ದಕ್ಕೆ ತಿರುಗದ ಮಗುವಿನ ಕಿವಿ ಪರೀಕ್ಷೆಯಾಗಬೇಕು. ಮೂರನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಆಗದಿದ್ದರೆ, ಅದೇ ಅಕ್ಷರಗಳು ಮತ್ತೆ ಮತ್ತೆ ಅದಲುಬದಲಾಗುತ್ತಿದ್ದರೆ ಬಿ.ಆರ್.ಸಿ., ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರದ ವಿಶೇಷ ಶಿಕ್ಷಕರಿಗೆ ತೋರಿಸಿ. ಅಂಥ ಮಗುವಿಗೆ ‘ಮನಸ್ಸು ಮಾಡಿದರೆ ಆಗುತ್ತದೆ’ ಎನ್ನುವುದು ಅನ್ಯಾಯ.

ಇನ್ನೊಂದು ಅನ್ಯಾಯವನ್ನೂ ಹೇಳಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದು ನಿಂತಾಗ ಮಕ್ಕಳು ಮೌನವಾಗುತ್ತಾರೆ. ಆ ಮೌನಕ್ಕೆ ಮಕ್ಕಳ ಮನೋಭಾವ ಕಾರಣವಲ್ಲ. ಅಲ್ಲಿ ಕೇಳಬೇಕಾದದ್ದು ಭಾಷೆ ಬಲ್ಲ ಶಿಕ್ಷಕರನ್ನು, ಕೇಳಬೇಕಾದವರು ನಾವು ದೊಡ್ಡವರು.

ಸಾಮಾನ್ಯವಾಗಿ ಬರುವ ಕೊನೆಯ ಪ್ರಶ್ನೆ: ‘ಓಣಂವರೆಗೆ ಎಲ್ಲ ಸರಿ ಇತ್ತು, ರಜೆ ಮುಗಿಸಿ ಬಂದ ಮೇಲೆ ಮತ್ತೆ ಬರುದಿಲ್ಲ ಎನ್ನುತ್ತಿದೆ, ಏನು ಮಾಡಲಿ?’ ಹತ್ತು ದಿನ ನಡೆಯದಿದ್ದರೆ ದಾರಿಯಲ್ಲಿ ಹುಲ್ಲು ಏಳುತ್ತದೆ. ಗಾಬರಿ ಬೇಡ, ಹೊಸ ಪಾಠವನ್ನೂ ತಕ್ಷಣ ಹಿಡಿಯಬೇಡಿ. ಫೈಲಿನಿಂದ ಆಗಸ್ಟಿನ ಹಾಳೆ ತೆಗೆದು ಮಗುವಿನ ಕೈಗೆ ಕೊಟ್ಟು, ಅದರಲ್ಲಿ ತಾನೇ ಸರಿ ಮಾಡಿದ್ದ ಒಂದು ಲೆಕ್ಕವನ್ನು ನಿಮಗೆ ವಿವರಿಸಲು ಹೇಳಿ. ಎರಡು ಮೂರು ದಿನ ಹೀಗೆ ಮಾಡಿ, ಆಮೇಲೆ ಎರಡನೆಯ ಹಂತದಿಂದ ಮುಂದುವರಿಸಿ.